ಓಪನ್ ವರ್ಲ್ಡ್ ಆರ್‌ಪಿಜಿಯಲ್ಲಿ ಅಪಾಯವನ್ನು ಎಲ್ಲಿಡಬೇಕು: ಬೀದರ್ ನಕ್ಷೆಯ ಮೇಲೆ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗ ಹುಡುಗಿಯರು ಮಾಡಿದ ಓಪನ್ ವರ್ಲ್ಡ್ ಆರ್‌ಪಿಜಿ (ಇಷ್ಟ ಬಂದ ಕಡೆ ತಿರುಗಾಡಿ ಪಾತ್ರವನ್ನು ಬೆಳೆಸುವ ಗೇಮ್) ಡೆಮೊಗಳನ್ನು ಆಡಿ ನೋಡಿದರೆ, ಎಲ್ಲರೂ ಒಂದೇ ಕಡೆ ಎಡವುವುದು ಕಾಣುತ್ತದೆ. ನಕ್ಷೆ ದೊಡ್ಡದಿರುತ್ತದೆ. ಹುಲ್ಲು, ಮರ, ಕೋಟೆ ಎಲ್ಲ ಚೆನ್ನಾಗಿರುತ್ತವೆ. ಆದರೂ ಆಡುವವರು ಐದು ನಿಮಿಷಕ್ಕೆ ಬಿಟ್ಟು ಏಳುತ್ತಾರೆ. ಕೆಲವು ಡೆಮೊಗಳಲ್ಲಿ ಎಲ್ಲಿ ಹೋದರೂ ಅದೇ ಕಳ್ಳರು, ಅದೇ ಮೂರು ಏಟು. ಇನ್ನು ಕೆಲವದರಲ್ಲಿ ಊರು ದಾಟುವ ಮುಂಚೆಯೇ ಯಾವುದೋ ದೈತ್ಯ ಬಂದು ಒಂದೇ ಏಟಿಗೆ ಮುಗಿಸುತ್ತಾನೆ. ಯಾಕೆ ಸತ್ತೆ ಅಂತ ಆಟಗಾರನಿಗೆ ಗೊತ್ತೇ ಆಗುವುದಿಲ್ಲ.

ಎರಡಕ್ಕೂ ಕಾರಣ ಒಂದೇ. ಅಪಾಯವನ್ನು ಜಾಗಕ್ಕೆ ಕಟ್ಟಿಲ್ಲ. ಕಟ್ಟಿದ್ದರೂ ಅದು ದೂರದಿಂದ ಕಾಣುವುದಿಲ್ಲ. ಓಪನ್ ವರ್ಲ್ಡ್‌ನಲ್ಲಿ ದಾರಿ ಆರಿಸುವವನು ಆಟಗಾರ. ಎದುರಿಗೆ ಏನಿದೆ ಅಂತ ಓದಲು ಬಂದರೆ ಮಾತ್ರ ಅವನು ಆರಿಸಬಲ್ಲ. ಇಲ್ಲದಿದ್ದರೆ ಅದು ಬರೀ ಅದೃಷ್ಟದ ಆಟ.

ಉದಾಹರಣೆಗೆ ಬೀದರ್ ಊರನ್ನೇ ತೆಗೆದುಕೊಂಡಿದ್ದೇನೆ. ಊರಿನ ನಡುವೆ ಎತ್ತರದ ಗೋಪುರ, ಉತ್ತರಕ್ಕೆ ಕೋಟೆ, ಪೂರ್ವಕ್ಕೆ ಗುಮ್ಮಟಗಳ ಸಾಲು, ನೆಲದಡಿ ಕರೇಜ್ ಎಂಬ ನೀರಿನ ಕಾಲುವೆ. ಇಂಥ ಊರು ಕೈಯಲ್ಲಿರುವಾಗ ಯಾವುದೋ ಯುರೋಪಿನ ಹಳ್ಳಿಯ ನಕ್ಷೆ ನಮಗೆ ಬೇಕಾಗಿಲ್ಲ.

ಹಂತಗಳ ಕ್ರಮವನ್ನು ಮಾತ್ರ ಬದಲಿಸಬೇಡಿ. ಹೆಚ್ಚಿನವರು ಶತ್ರುಗಳಿಂದ ಶುರು ಮಾಡುತ್ತಾರೆ. ಇಲ್ಲಿ ಶತ್ರುಗಳ ಲೆಕ್ಕ ಆರನೇ ಹಂತದಲ್ಲಿ ಬರುತ್ತದೆ.

ಮೊದಲು ಕೈಗೆ ಬೇಕಾದವು

- ಗ್ರಾಫ್ ಹಾಳೆ, ಪೆನ್ಸಿಲ್, ನಾಲ್ಕು ಬಣ್ಣದ ಪೆನ್ನು. ಹಸಿರು, ಹಳದಿ, ಕಿತ್ತಳೆ, ಕೆಂಪು.
- ಗೊಡೊ 4, ಗೇಮ್ ಕಟ್ಟುವ ಎಂಜಿನ್. ಉಚಿತ. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಪ್ರಾಜೆಕ್ಟ್ ತೆರೆಯುವಾಗ ಕಂಪ್ಯಾಟಿಬಿಲಿಟಿ ರೆಂಡರರ್ ಆರಿಸಿ.
- ಲಿಬ್ರೆ ಆಫೀಸ್ ಕ್ಯಾಲ್ಕ್ ಅಥವಾ ಬೇರೆ ಯಾವುದಾದರೂ ಸ್ಪ್ರೆಡ್‌ಶೀಟ್.
- ಊರಿನ ರಸ್ತೆಗಳ ದಿಕ್ಕು ನೋಡಲು ಓಪನ್‌ಸ್ಟ್ರೀಟ್‌ಮ್ಯಾಪ್. ಅದರ ಮಾಹಿತಿ ಬಳಸಿದರೆ ಗೇಮ್‌ನ ಕ್ರೆಡಿಟ್ಸ್‌ನಲ್ಲಿ ಹೆಸರು ಹಾಕುವುದು ಕಡ್ಡಾಯ.
- ಫೋನಿನ ಸ್ಟಾಪ್‌ವಾಚ್.
- ಗೇಮನ್ನು ಒಮ್ಮೆಯೂ ನೋಡದ ಇಬ್ಬರು ಮೂವರು. ಇವರನ್ನು ಕೊನೆಯವರೆಗೆ ಉಳಿಸಿಟ್ಟುಕೊಳ್ಳಿ. ಒಮ್ಮೆ ಆಡಿದವರ ಕಣ್ಣು ಎರಡನೇ ಸಲಕ್ಕೆ ಹೊಸದಾಗಿರುವುದಿಲ್ಲ.

ಮರ, ಹುಲ್ಲು, ಕಥೆ, ಸಂಗೀತ, ಸುಂದರ ಮಾಡೆಲ್‌ಗಳು ಈಗ ಬೇಡ. ಬೂದು ಡಬ್ಬಿಗಳಲ್ಲಿ ಚೆನ್ನಾಗಿ ಓಡದ ನಕ್ಷೆ ಬಣ್ಣ ಬಳಿದ ಮೇಲೂ ಓಡುವುದಿಲ್ಲ.

ಹಂತ 1: ದೂರವನ್ನು ಸೆಕೆಂಡುಗಳಲ್ಲಿ ಅಳೆಯಿರಿ

ಗೊಡೊ 4ರಲ್ಲಿ ಪಾತ್ರ ಓಡಾಡಲು ಸಿಗುವ ಸಿದ್ಧ ಸ್ಕ್ರಿಪ್ಟ್‌ನಲ್ಲಿ ವೇಗ 5.0 ಇರುತ್ತದೆ, ಅಂದರೆ ಸೆಕೆಂಡಿಗೆ 5 ಮೀಟರ್. ಬೀದರ್ ಊರಿಂದ ಅಷ್ಟೂರಿನ ಗುಮ್ಮಟಗಳಿಗೆ ಸುಮಾರು 3 ಕಿಲೋಮೀಟರ್. ಅಳತೆ ಹಾಗೇ ಇಟ್ಟರೆ ಆಟಗಾರ ಮುಂದೆ ಹೋಗುವ ಗುಂಡಿಯನ್ನು 10 ನಿಮಿಷ ಒತ್ತಿ ಹಿಡಿಯಬೇಕು. ಯಾರೂ ಹಿಡಿಯುವುದಿಲ್ಲ.

ಹಾಗಾಗಿ ದಿಕ್ಕು ಉಳಿಸಿ, ದೂರ ಕುಗ್ಗಿಸಿ. ಐದನೇ ಒಂದು ಭಾಗಕ್ಕೆ ತಂದರೆ ಅಷ್ಟೂರು 600 ಮೀಟರ್, ಅಂದರೆ 2 ನಿಮಿಷ. ಇಡೀ ನಕ್ಷೆ 1,200 ಮೀಟರ್ ಅಗಲ ಇದ್ದರೆ ತುದಿಯಿಂದ ತುದಿಗೆ 4 ನಿಮಿಷದ ಓಟ. ಮೊದಲ ಗೇಮ್‌ಗೆ ಇದು ಜಾಸ್ತಿಯೇ ಆಯಿತು. ಕೋಟೆ ಉತ್ತರಕ್ಕೆ, ಅಷ್ಟೂರು ಪೂರ್ವಕ್ಕೆ, ಬರೀದ್ ಶಾಹಿ ಗೋರಿಗಳು ಪಶ್ಚಿಮಕ್ಕೆ ಇದ್ದರೆ ಸಾಕು. ಬೀದರ್‌ನವರು ಆಡಿದರೂ ಊರು ಗುರುತು ಹಿಡಿಯುತ್ತಾರೆ.

ಈಗ ಗ್ರಾಫ್ ಹಾಳೆ ತೆಗೆದುಕೊಳ್ಳಿ. ಒಂದು ಚೌಕ ಎಂದರೆ 50 ಮೀಟರ್, 10 ಸೆಕೆಂಡು. ಯಾವ ದಿಕ್ಕಿಗೆ ಹೋದರೂ ನಾಲ್ಕು ಚೌಕದೊಳಗೆ ಕಣ್ಣು ತಡೆಯುವಂಥದ್ದು ಏನಾದರೂ ಬರಬೇಕು. ಅದು ಯುದ್ಧವೇ ಆಗಬೇಕಿಲ್ಲ. ಮುರಿದ ಬಾವಿ, ಒಂಟಿ ಹುಣಸೆ ಮರ, ಕುರಿ ಕಾಯುವವನು, ಏನಾದರೂ ಸರಿ.

ಎಚ್ಚರಿಕೆಯ ಗುರುತು: ಆಡುವವರು ಒಂದು ಕೈಯಲ್ಲಿ ಗುಂಡಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಫೋನ್ ನೋಡಲು ಶುರು ಮಾಡಿದರೆ ಆ ದಾರಿ ಉದ್ದವಾಯಿತು.

ಹಂತ 2: ಮೊದಲ ನಿಮಿಷದಲ್ಲೇ ಊರು ತೋರಿಸಿ

ಆಟ ಚೌಬಾರಾದ ಮೇಲಿಂದ ಶುರುವಾಗಲಿ. ಬೀದರ್ ಹಳೇ ಊರಿನ ನಡುವೆ, ರಸ್ತೆಗಳು ಕೂಡುವ ಜಾಗದಲ್ಲಿ ನಿಂತ ಕಾವಲು ಗೋಪುರ ಅದು. ಎತ್ತರ ಸುಮಾರು 22 ಮೀಟರ್. ಸುತ್ತಲಿನ ಊರು ನೋಡಲೆಂದೇ ಕಟ್ಟಿದ್ದು. ಗೇಮ್‌ಗೆ ಇದಕ್ಕಿಂತ ಒಳ್ಳೆಯ ಶುರು ಎಲ್ಲಿ ಸಿಗುತ್ತದೆ?

ಮೇಲೆ ನಿಂತವನಿಗೆ ನಾಲ್ಕು ವಸ್ತು ಕಾಣಬೇಕು. ಉತ್ತರಕ್ಕೆ ಕೋಟೆಯ ಗೋಡೆ. ಅದೇ ದಾರಿಯಲ್ಲಿ ಹತ್ತಿರಕ್ಕೆ, 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಉಳಿದ ಮಿನಾರು. ಪೂರ್ವಕ್ಕೆ ಅಷ್ಟೂರಿನ ಗುಮ್ಮಟಗಳು. ಪಶ್ಚಿಮಕ್ಕೆ ಬರೀದ್ ಶಾಹಿ ಗೋರಿಗಳು. ಇವನ್ನೆಲ್ಲ ಗೊಡೊದ ಸಿಎಸ್‌ಜಿ ಡಬ್ಬಿ, ಸಿಲಿಂಡರ್, ಗೋಳಗಳಂಥ ಸಿದ್ಧ ಸರಳ ಆಕಾರಗಳಲ್ಲೇ ಎಬ್ಬಿಸಿ. ನಾಲ್ಕರ ಹೊರ ಆಕಾರವೂ ಬೇರೆ ಬೇರೆ ಇರಬೇಕು. ಉದ್ದ ಗೋಡೆ, ಕಂಬ, ಗುಮ್ಮಟದ ಸಾಲು, ಬಿಡಿ ಗುಮ್ಮಟ. ಕಣ್ಣು ಅರ್ಧ ಮುಚ್ಚಿ ನೋಡಿದರೂ ಯಾವುದು ಯಾವುದು ಅಂತ ಗೊತ್ತಾಗಬೇಕು.

ಬ್ರೆತ್ ಆಫ್ ದಿ ವೈಲ್ಡ್ ಎಂಬ ಗೇಮ್ (2017) ಶುರುವಾಗುವುದೇ ಹೀಗೆ. ಗುಹೆಯಿಂದ ಹೊರಗೆ ಓಡಿ ಬಂದರೆ ಎದುರಿಗೆ ಇಡೀ ನಾಡು. ದೂರದಲ್ಲಿ ಕೊನೆಯ ಶತ್ರುವಿನ ಕೋಟೆ ಕೂಡ ಕಾಣುತ್ತದೆ. ಮೊದಲ ಎತ್ತರದ ಬಯಲನ್ನು ದಾಟಿದವರು ಬೇಕಿದ್ದರೆ ನೇರ ಅಲ್ಲಿಗೇ ಹೋಗಬಹುದು. ಹೆಚ್ಚಿನವರು ಹೋಗುವುದಿಲ್ಲ, ಆದರೆ ಹೋಗಬಹುದು ಅಂತ ಅವರಿಗೆ ಗೊತ್ತಿರುತ್ತದೆ.

ಎಲ್ಲವನ್ನೂ ಮೇಲಿಂದಲೇ ತೋರಿಸಬೇಡಿ. ದೊಡ್ಡವು ಎಲ್ಲೆಡೆಯಿಂದ ಕಾಣಲಿ. ನಡುವಿನವು 150 ಮೀಟರ್ ಹತ್ತಿರ ಬಂದ ಮೇಲೆ ದಿಬ್ಬದ ಹಿಂದಿನಿಂದ ಅರ್ಧ ತಲೆ ಎತ್ತಲಿ. ಸಣ್ಣವು ದಾರಿ ಬಿಟ್ಟವರಿಗೆ ಮಾತ್ರ ಸಿಗಲಿ. ಅರ್ಧ ಮರೆಯಾದ ವಸ್ತುವಿನ ಹತ್ತಿರ ಹೋಗಿ ನೋಡುವ ಆಸೆಯೇ ಹುಡುಕಾಟವನ್ನು ನಡೆಸುವುದು.

ನಿಮ್ಮ ಗೇಮ್ ಯಾದಗಿರಿ ಜಿಲ್ಲೆಯದಾದರೆ ಶಹಾಪುರದ ಬೆಟ್ಟ ನಿಮ್ಮ ದೊಡ್ಡ ಗುರುತು. ಒಂದು ಕಡೆಯಿಂದ ನೋಡಿದಾಗ ಅದು ಮಲಗಿದ ಬುದ್ಧನಂತೆ ಕಾಣುತ್ತದೆ. ಬೇರೆ ಕಡೆಯಿಂದ ಬರೀ ಬಂಡೆ. ಕೋನ ಬದಲಾದಂತೆ ಆಕಾರ ಬದಲಾಗುವ ಗುರುತು ದಿಕ್ಸೂಚಿಯ ಕೆಲಸವನ್ನೂ ಮಾಡುತ್ತದೆ. ಪರದೆಯ ಮೂಲೆಯಲ್ಲಿ ಬಾಣದ ಗುರುತು ಹಾಕುವ ಅಗತ್ಯವೇ ಬರುವುದಿಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಎರಡು. ಗೇಮ್ ತಡವರಿಸದೆ ಓಡಲಿ ಅಂತ ದಟ್ಟ ಮಂಜು ಹಾಕುತ್ತಾರೆ, ಗುರುತುಗಳೆಲ್ಲ ಮಾಯವಾಗುತ್ತವೆ. ಮಂಜು ಬೇಕೇ ಬೇಕಾದರೆ ದೊಡ್ಡ ಗುರುತುಗಳನ್ನು ಮಂಜು ತಾಗದ ಸರಳ ಮಟೀರಿಯಲ್‌ನಲ್ಲಿ ಇಡಿ. ಎರಡನೆಯದು, ನಕ್ಷೆ ತುಂಬ ಪ್ರಶ್ನಾರ್ಥಕ ಚಿಹ್ನೆ ಚೆಲ್ಲುವುದು. ದಿ ವಿಚರ್ 3 (2015) ಒಳ್ಳೆಯ ಗೇಮ್. ಆದರೂ ಸ್ಕೆಲಿಗೆ ದ್ವೀಪಗಳ ಸುತ್ತ ಸಮುದ್ರದಲ್ಲಿ ಸಾಲುಸಾಲಾಗಿ ಬಿದ್ದ ಆ ಚಿಹ್ನೆಗಳನ್ನು ದೋಣಿಯಲ್ಲಿ ಸುತ್ತಿ ಮುಗಿಸುವುದು ಕೂಲಿ ಕೆಲಸದಂತೆ ಆಗುತ್ತದೆ. ಚಿಹ್ನೆ ನೋಡಿಕೊಂಡು ಹೋಗುವವರು ಎದುರಿನ ಊರನ್ನು ನೋಡುವುದಿಲ್ಲ.

ಹಂತ 3: ಅಪಾಯದ ಬಣ್ಣದ ಪಟ್ಟಿಗಳನ್ನು ಹಾಳೆಯ ಮೇಲೆ ಎಳೆಯಿರಿ

ಹಸಿರು ಎಂದರೆ ಬಂದ ತಕ್ಷಣ ಗೆಲ್ಲಬಹುದು. ಹಳದಿಯಲ್ಲಿ ಗಮನ ಬೇಕು. ಕಿತ್ತಳೆಯಲ್ಲಿ ತಯಾರಿ ಬೇಕು. ಕೆಂಪು ಎಂದರೆ ಈಗ ಓಡಿ, ಆಮೇಲೆ ಬನ್ನಿ.

ಚೌಬಾರಾವನ್ನು ನಡುವಿಟ್ಟು ಹಸಿರು, ಹಳದಿ, ಕಿತ್ತಳೆ, ಕೆಂಪು ಅಂತ ಉಂಗುರ ಉಂಗುರವಾಗಿ ಬಳಿಯಲು ಕೈ ತಾನಾಗೇ ಹೋಗುತ್ತದೆ. ಹಾಗೆ ಮಾಡಬೇಡಿ. ಉಂಗುರದ ನಕ್ಷೆಯಲ್ಲಿ ಆಟಗಾರ ಯಾವ ದಿಕ್ಕಿಗೆ ಹೋದರೂ ಒಂದೇ ಅನುಭವ. ಅದು ತೆರೆದ ನಕ್ಷೆಯ ವೇಷ ಹಾಕಿದ ಒಂದೇ ದಾರಿ.

ಬದಲಿಗೆ ಕೆಂಪು ಜಾಗ ಒಂದನ್ನು ಶುರುವಿನ ಹತ್ತಿರವೇ ಇಡಿ. ಎಲ್ಡನ್ ರಿಂಗ್‌ನಲ್ಲಿ (2022) ಮೊದಲ ನಾಡಾದ ಲಿಮ್‌ಗ್ರೇವ್‌ನ ಪಕ್ಕದಲ್ಲೇ ಕೇಲಿಡ್ ಇದೆ. ಆಕಾಶ ಕೆಂಪು, ನೆಲ ಕೊಳೆತಂತೆ. ಕಾಲಿಟ್ಟ ಕೂಡಲೇ ಬೇಡ ಅನ್ನಿಸುತ್ತದೆ. ಫಾಲ್‌ಔಟ್ ನ್ಯೂ ವೇಗಸ್‌ನಲ್ಲಿ (2010) ಶುರುವಿನ ಹಳ್ಳಿಯಿಂದ ದೊಡ್ಡ ಊರಿಗೆ ಉತ್ತರದ ನೇರ ದಾರಿ ಹತ್ತಿರ. ಆದರೆ ಆ ದಾರಿಯಲ್ಲಿ ಹೊಸಬರನ್ನು ಕ್ಷಣದಲ್ಲಿ ಮುಗಿಸುವ ದೈತ್ಯ ಪ್ರಾಣಿಗಳಾದ ಡೆತ್‌ಕ್ಲಾಗಳಿವೆ. ಹೊಸಬರು ದಕ್ಷಿಣಕ್ಕೆ ಸುತ್ತಿ ಹೋಗುತ್ತಾರೆ. ಜಾಣರು ನುಸುಳಿ ಹೋಗುತ್ತಾರೆ. ಎರಡೂ ಸರಿ.

ನಮ್ಮ ನಕ್ಷೆಯಲ್ಲಿ ಆ ಜಾಗ ಕೋಟೆ. ಚೌಬಾರಾದಿಂದ 250 ಮೀಟರ್ ಇಡಿ, ಅಂದರೆ 50 ಸೆಕೆಂಡು. ಬೀದರ್ ಕೋಟೆಗೆ ಒಂದು ಭಾಗದಲ್ಲಿ ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ ಇದೆ. ಗೇಮ್‌ಗೆ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಮೊದಲ ಕಂದಕದವರೆಗೆ ಹಳದಿ, ಎರಡನೆಯದು ದಾಟಿದರೆ ಕಿತ್ತಳೆ, ಮೂರನೆಯದರ ಆಚೆ ಕೆಂಪು. ಪ್ರತಿ ಕಂದಕವೂ ಒಂದು ಪ್ರಶ್ನೆ: ಇನ್ನೂ ಮುಂದೆ ಹೋಗುತ್ತೀಯಾ? ಹೋಗುವವನು ತಿಳಿದೇ ಹೋಗುತ್ತಾನೆ.

ಉಳಿದದ್ದು ಬೇಗ ಮುಗಿಯುತ್ತದೆ. ಚೌಬಾರಾದಿಂದ ಮದರಸಾದವರೆಗೆ ಹಸಿರು. ಬರೀದ್ ಶಾಹಿ ಗೋರಿಗಳ ಕಡೆ ಹಳದಿ. ನೌಬಾದ್‌ನ ಕರೇಜ್ ಮತ್ತು ಅಷ್ಟೂರು ಕಿತ್ತಳೆ. ಯಾದಗಿರಿಯ ಬೆಟ್ಟದ ಕೋಟೆಯಂಥ ಜಾಗ ನಿಮ್ಮ ನಕ್ಷೆಯಲ್ಲಿದ್ದರೆ ಪಟ್ಟಿಗಳನ್ನು ನೆಲದ ಮೇಲೆ ಎಳೆಯದೆ ಎತ್ತರಕ್ಕೆ ಕಟ್ಟಿ. ಹತ್ತಿದಷ್ಟೂ ಕಷ್ಟ, ಕೆಳಗೆ ನೋಡಿದರೆ ಬಂದ ದಾರಿ.

ಒಂದು ವಿನಂತಿ. ಇಂದಿಗೂ ಜನ ಕೈ ಮುಗಿಯುವ ಜಾಗಗಳಲ್ಲಿ ಕತ್ತಿ ಕಾಳಗ ಇಡಬೇಡಿ. ನರಸಿಂಹ ಝರಣಿಯಲ್ಲಿ ಸುರಂಗದ ನೀರಿನೊಳಗೆ ನಡೆದು ಹೋಗಿ ದರ್ಶನ ಮಾಡುವುದನ್ನು ನೋಡಿದ ಯಾರಿಗಾದರೂ ಅದನ್ನು ಗೇಮ್‌ಗೆ ತರುವ ಆಸೆ ಆಗುತ್ತದೆ. ನೀರು, ಕತ್ತಲೆ, ನಿಧಾನ ನಡಿಗೆ ಎನ್ನುವ ಕಲ್ಪನೆ ತೆಗೆದುಕೊಳ್ಳಿ, ಜಾಗವನ್ನು ಬಿಡಿ. ಝರಣಿ, ದರ್ಗಾ, ಗುರುನಾನಕ್ ಝೀರಾ ಇವೆಲ್ಲ ಸೇವ್ ಮಾಡುವ, ದಣಿವಾರಿಸಿಕೊಳ್ಳುವ ನೆಲೆಗಳಾಗಲಿ. ಅಷ್ಟೂರಿನಲ್ಲೂ ಗೋರಿಗಳ ಹೆಸರು ಬದಲಿಸಿ, ಕಾಳಗವನ್ನು ಹೊರಗಿನ ಬಯಲಲ್ಲಿ ಇಡಿ.

ಶತ್ರುಗಳು ಆಟಗಾರನ ಲೆವೆಲ್ ಜತೆಗೇ ಬೆಳೆಯಬೇಕಾ ಅನ್ನುವ ಪ್ರಶ್ನೆ ಇಲ್ಲಿ ಬರುತ್ತದೆ. ಆಬ್ಲಿವಿಯನ್‌ನಲ್ಲಿ (2006) ಬಹುಪಾಲು ಹಾಗೇ ಮಾಡಿದ್ದರು. ಕೊನೆಗೆ ದಾರಿಗಳ್ಳರೂ ದುಬಾರಿ ಗ್ಲಾಸ್ ಕವಚ ತೊಟ್ಟು ನಿಂತರು. ಇಷ್ಟು ದಿನ ಬೆಳೆದದ್ದು ಯಾತಕ್ಕೆ ಅಂತ ಆಟಗಾರರಿಗೆ ಅನ್ನಿಸಿತು. ಸ್ಕೈರಿಮ್‌ನಲ್ಲಿ (2011) ಜಾಗಕ್ಕೊಂದು ಕನಿಷ್ಠ ಮಟ್ಟ ಇಟ್ಟು ಅದನ್ನು ಸರಿ ಮಾಡಿದರು. ನನ್ನ ಅಭಿಪ್ರಾಯ ನೇರವಾಗಿದೆ: ಮೊದಲ ಗೇಮ್‌ನಲ್ಲಿ ಇದನ್ನು ಮುಟ್ಟಲೇಬೇಡಿ. ಜಾಗ ಸ್ಥಿರವಾಗಿರಲಿ, ಬೆಳೆಯುವವನು ಆಟಗಾರ ಮಾತ್ರ. ನಿನ್ನೆ ಓಡಿಸಿದ್ದ ಕೋಟೆಯನ್ನು ಇವತ್ತು ಗೆಲ್ಲುವ ಖುಷಿಗೆ ಬೇರೆ ಯಾವುದೂ ಸಮ ಅಲ್ಲ.

ಹಂತ 4: ಅಪಾಯ ಮೂರು ದೂರದಿಂದ ಕಾಣಲಿ

ಎಲ್ಲಕ್ಕಿಂತ ಜಾಸ್ತಿ ಸಮಯ ಈ ಹಂತಕ್ಕೆ ಕೊಡಿ. ಡೆಮೊಗಳು ಸೋಲುವುದು ಹೆಚ್ಚಾಗಿ ಇಲ್ಲೇ.

ದೂರದಿಂದ, ಅಂದರೆ 200 ಮೀಟರ್ ಆಚೆಯಿಂದ, ಆಕಾರ ಮಾತಾಡಬೇಕು. ಅಷ್ಟೂರಿನಲ್ಲಿ ಸಿಡಿಲು ಬಡಿದು ಅರ್ಧ ಬಿದ್ದ, ಬಹಮನಿ ಸುಲ್ತಾನ ಹುಮಾಯೂನ್ ಶಾಹನ ಗೋರಿ ಇದೆ. ಗುಮ್ಮಟ ಸೀಳಿ, ಒಳಗಿನ ಇಟ್ಟಿಗೆ ಕಾಣುತ್ತಾ ನಿಂತಿದೆ. ಸಾಲಿನಲ್ಲಿ ಬೇರೆ ಗುಮ್ಮಟಗಳೆಲ್ಲ ಇಡಿಯಾಗಿರುವಾಗ ಅದೊಂದು ಹಾಗಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಅಷ್ಟೂರು ಪೂರ್ತಿ ಕಿತ್ತಳೆ, ಆ ಸೀಳು ಗುಮ್ಮಟದ ಸುತ್ತ ಮಾತ್ರ ಕೆಂಪು. ಗೇಮ್‌ನಲ್ಲಿ ಎಲ್ಲೆಲ್ಲಿ ಸೀಳಿದ ಆಕಾರ ಇದೆಯೋ ಅಲ್ಲೆಲ್ಲ ಕೆಂಪು ಅಂತ ನಿಯಮ ಇಟ್ಟುಕೊಳ್ಳಿ. ಒಂದು ಸಲ ಸತ್ತವನು ಎರಡನೇ ಸಲ ಬೇರೆಲ್ಲೋ ಸೀಳು ಕಂಡಾಗ ತಾನೇ ನಿಲ್ಲುತ್ತಾನೆ.

ನಡು ದೂರದಿಂದ, 60 ಮೀಟರ್ ಸುಮಾರಿಗೆ, ನೆಲ ಮಾತಾಡಬೇಕು. ಬೀದರ್‌ನ ಕೆಂಪು ಮಣ್ಣು ಸುಟ್ಟು ಕಪ್ಪಾಗಿದೆ. ಮುರಿದ ಭರ್ಚಿ ಬಿದ್ದಿದೆ. ಅಲ್ಲಿಯವರೆಗೆ ಕೂಗುತ್ತಿದ್ದ ಹಕ್ಕಿಗಳ ಸದ್ದು ನಿಂತಿದೆ. ಸದ್ದು ನಿಲ್ಲಿಸುವುದು ಬಹಳ ಸುಲಭದ ಕೆಲಸ. ಗೊಡೊದಲ್ಲಿ ಒಂದು ಏರಿಯಾ ನೋಡ್ (ಯಾರಾದರೂ ಒಳಗೆ ಬಂದರೆ ತಿಳಿಸುವ ಕಾಣದ ವಲಯ) ಇಟ್ಟು, ಆಟಗಾರ ಒಳಗೆ ಬಂದಾಗ ಹಕ್ಕಿ ಸದ್ದಿನ ವಾಲ್ಯೂಮ್ ಇಳಿಸಿದರೆ ಆಯಿತು.

ಹತ್ತಿರದಿಂದ ಶತ್ರುವೇ ಮಾತಾಡಬೇಕು. ಎಲ್ಡನ್ ರಿಂಗ್‌ನ ಶುರುವಿನಲ್ಲಿ ಚಿನ್ನದ ಕವಚದ ಕುದುರೆ ಸವಾರ ಟ್ರೀ ಸೆಂಟಿನೆಲ್ ಬಯಲಲ್ಲಿ ಅತ್ತಿಂದಿತ್ತ ತಿರುಗುತ್ತಿರುತ್ತಾನೆ. ಅವನು ನಿಮ್ಮನ್ನು ನೋಡುವ ಮೊದಲು ನೀವು ಅವನನ್ನು ನೋಡುತ್ತೀರಿ. ದೊಡ್ಡ ದೇಹ, ದೊಡ್ಡ ಆಯುಧ, ಸುತ್ತ ತೆರೆದ ಬಯಲು. ಹೋಗಿ ಸತ್ತರೂ ದೂರು ಹೇಳಲು ಆಗುವುದಿಲ್ಲ, ಅಲ್ವಾ? ನಿಮ್ಮ ಕೆಂಪು ಶತ್ರುವನ್ನೂ ಮೂಲೆಯ ಹಿಂದೆ ಬಚ್ಚಿಡಬೇಡಿ. ಬಯಲಲ್ಲಿ ನಡೆದಾಡಲು ಬಿಡಿ.

ಇವುಗಳ ಜತೆಗೆ ಜನರ ಮಾತು. ನ್ಯೂ ವೇಗಸ್‌ನಲ್ಲಿ ಆ ಉತ್ತರದ ದಾರಿಯ ಪಕ್ಕದ ಕ್ವಾರಿ ಕೆಲಸಗಾರರು ಮುಂದೆ ಹೋಗಬೇಡ ಅಂತ ಎಚ್ಚರಿಸುತ್ತಾರೆ. ನಿಮ್ಮ ಕೋಟೆ ಬಾಗಿಲ ಹತ್ತಿರವೂ ಒಬ್ಬ ಚಹಾ ಮಾರುವವನು ಇರಲಿ. ಅವನು ಪುಸ್ತಕದ ಕನ್ನಡದಲ್ಲಿ ಮಾತಾಡುವುದು ಬೇಡ. "ಆ ಕಡಿ ಹೋಗಬ್ಯಾಡ್ರಿ. ಹೋದವರು ಹೊಳ್ಳಿ ಬಂದಿಲ್ಲ" ಅಂದರೆ ಸಾಕು. ನಮ್ಮ ಕಡೆಯ ಮಾತು ಗೇಮ್‌ಗಳಲ್ಲಿ ಕೇಳಿಸುವುದೇ ಅಪರೂಪ. ನೀವು ಮಾಡದೆ ಇನ್ಯಾರು ಮಾಡುತ್ತಾರೆ?

ಮೂರು ಗುರುತಿನಲ್ಲಿ ಕನಿಷ್ಠ ಎರಡು ಇಲ್ಲದ ಕೆಂಪು ಜಾಗವನ್ನು ಗೇಮ್‌ನಲ್ಲಿ ಉಳಿಸಬೇಡಿ. ಎಲ್ಡನ್ ರಿಂಗ್‌ನಲ್ಲೂ ಒಂದು ಪೆಟ್ಟಿಗೆ ತೆರೆದರೆ ಹೊಗೆ ಎದ್ದು ಆಟಗಾರನನ್ನು ಕೇಲಿಡ್‌ನ ಗಣಿಯೊಳಗೆ ಎಸೆಯುತ್ತದೆ, ಮುನ್ಸೂಚನೆ ಇಲ್ಲ ಅಂತ ಯಾರಾದರೂ ವಾದಿಸಬಹುದು. ನಿಜ. ಉಳಿದ ನಕ್ಷೆ ಅಷ್ಟು ನಂಬಿಕೆ ಗಳಿಸಿರುವುದರಿಂದ ಅದು ನಡೆಯುತ್ತದೆ, ಅಲ್ಲಿಂದ ಓಡಿ ಹೊರಬೀಳಲೂ ದಾರಿ ಇದೆ. ಮೊದಲ ಡೆಮೊಗೆ ಆ ನಂಬಿಕೆ ಇನ್ನೂ ಇರುವುದಿಲ್ಲ.

ಹಂತ 5: ಓಡಿ ಹೋಗುವ ದಾರಿಯನ್ನು ಲೆಕ್ಕ ಹಾಕಿ

ಕೆಂಪು ಜಾಗದ ಶತ್ರು ಆಟಗಾರನಿಗಿಂತ ಸ್ವಲ್ಪ ವೇಗ ಇರಬೇಕು, ಇಲ್ಲದಿದ್ದರೆ ಹೆದರಿಕೆ ಇರುವುದಿಲ್ಲ. ಆದರೂ ಓಡಿದವನು ಬದುಕಬೇಕು. ಎರಡೂ ಒಟ್ಟಿಗೆ ಆಗುವುದು ಲೆಕ್ಕದಿಂದ.

ಆಟಗಾರ ಸೆಕೆಂಡಿಗೆ 5 ಮೀಟರ್, ಶತ್ರು 5.5 ಮೀಟರ್ ಅಂದುಕೊಳ್ಳಿ. ಬೆನ್ನಟ್ಟುವಾಗ ನಡುವಿನ ಅಂತರ 8 ಮೀಟರ್. ಶತ್ರು ಸೆಕೆಂಡಿಗೆ ಅರ್ಧ ಮೀಟರ್ ಹತ್ತಿರ ಬರುತ್ತಾನೆ. ಮುಟ್ಟಲು 16 ಸೆಕೆಂಡು. ಅಷ್ಟರಲ್ಲಿ ಆಟಗಾರ 80 ಮೀಟರ್ ಓಡಿರುತ್ತಾನೆ. ಶತ್ರು ತನ್ನ ಜಾಗದಿಂದ 60 ಮೀಟರ್ ದೂರವಾದ ಕೂಡಲೇ ವಾಪಸ್ ತಿರುಗುವಂತೆ ಬರೆದರೆ, ತಕ್ಷಣ ಓಡಿದವನು ಬದುಕುತ್ತಾನೆ, ತಡ ಮಾಡಿದವನು ಸಾಯುತ್ತಾನೆ.

ಅದೇ ಶತ್ರು 2 ಮೀಟರ್ ದೂರದಿಂದ ಹಾರಿ ಬಂದರೆ? 4 ಸೆಕೆಂಡು, 20 ಮೀಟರ್. ಬದುಕುವ ದಾರಿಯೇ ಇಲ್ಲ. ಮೂಲೆಯಲ್ಲಿ ಬಚ್ಚಿಟ್ಟ ಶತ್ರು ಅನ್ಯಾಯ ಅನ್ನಿಸುವುದು ಇದಕ್ಕೇ. ಅವನ ಡ್ಯಾಮೇಜ್ ಕಡಿಮೆ ಮಾಡಿದರೆ ಇದು ಸರಿಯಾಗುವುದಿಲ್ಲ, ಅಂತರ ಜಾಸ್ತಿ ಮಾಡಬೇಕು. ಸೂತ್ರ ಸ್ಪ್ರೆಡ್‌ಶೀಟ್‌ಗೆ ಹಾಕಿಕೊಳ್ಳಿ: ಅಂತರವನ್ನು ವೇಗದ ವ್ಯತ್ಯಾಸದಿಂದ ಭಾಗಿಸಿ, ಆಟಗಾರನ ವೇಗದಿಂದ ಗುಣಿಸಿ. ಬಂದ ಉತ್ತರ ಶತ್ರು ಬೆನ್ನಟ್ಟುವ ಮಿತಿಗಿಂತ ದೊಡ್ಡದಿರಬೇಕು.

ನೆಲದಡಿಯ ಜಾಗಕ್ಕೆ ಈ ಲೆಕ್ಕ ಸಾಲದು. ಅಲ್ಲಿ ಓಡಲು ಬಯಲಿಲ್ಲ. ಇಲ್ಲೇ ಬೀದರ್‌ನ ಕರೇಜ್ ನಮ್ಮ ಕೈ ಹಿಡಿಯುತ್ತದೆ. ಕರೇಜ್ ಎಂದರೆ ನೆಲದೊಳಗೆ ಇಳಿಜಾರಾಗಿ ಕೊರೆದ ನೀರಿನ ಕಾಲುವೆ. ಅದರ ಉದ್ದಕ್ಕೂ ಅಲ್ಲಲ್ಲಿ ಮೇಲಿಂದ ಬಾವಿಯಂಥ ಕಂಡಿಗಳು ಇಳಿದಿರುತ್ತವೆ. ಕೊರೆದ ಮಣ್ಣು ಎತ್ತಲು, ಗಾಳಿ ಬೆಳಕು ಬರಲು, ನೀರು ಸೇದಲು. ಮೇಲೆ ನಿಂತು ನೋಡಿದರೆ ಆ ಬಾಯಿಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತವೆ.

ಇದರಿಂದ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಮೊದಲನೆಯದು ಹುಡುಕಾಟ. ಬಯಲಲ್ಲಿ ಒಂದು ಬಾವಿ ಕಂಡವನು ಸುಮ್ನೆ ದಾಟಿ ಹೋಗುತ್ತಾನೆ. ಒಂದೇ ಗೆರೆಯಲ್ಲಿ ಮೂರು ಕಂಡವನು ನಾಲ್ಕನೆಯದು ಎಲ್ಲಿ ಅಂತ ಹುಡುಕುತ್ತಾನೆ. ಬಾಣ ಬೇಡ, ಚಿಹ್ನೆ ಬೇಡ, ಸಾಲೇ ಅವನನ್ನು ಮೂಲ ಬಾವಿಯವರೆಗೆ ಕರೆದುಕೊಂಡು ಹೋಗುತ್ತದೆ.

ಎರಡನೆಯದು ಕಷ್ಟದ ಅಳತೆ. ಕಾಲುವೆಯೊಳಗೆ ಪ್ರತಿ 20 ಮೀಟರಿಗೆ ಒಂದು ಕಂಡಿ ಇಡಿ. ಕಂಡಿಯ ಕೆಳಗೆ ಬೆಳಕಿನ ವೃತ್ತ. ಅಲ್ಲಿಗೆ ಶತ್ರು ಬರುವುದಿಲ್ಲ, ಮೇಲೆ ಹತ್ತಲು ಹಗ್ಗ ಇರುತ್ತದೆ. ನಡುವಿನ ಕತ್ತಲೆ ಮಾತ್ರ ಅಪಾಯ. ನೀರಿನಲ್ಲಿ ವೇಗ ಸೆಕೆಂಡಿಗೆ 2.5 ಮೀಟರಿಗೆ ಇಳಿಸಿದರೆ ಒಂದು ಬೆಳಕಿಂದ ಇನ್ನೊಂದಕ್ಕೆ 8 ಸೆಕೆಂಡು. ಒಳಗೆ ಹೋದಂತೆ ಕಂಡಿಗಳ ಅಂತರವನ್ನು 30, 40 ಮೀಟರಿಗೆ ಹಿಗ್ಗಿಸಿ. ಕತ್ತಲೆ 12 ಸೆಕೆಂಡು, 16 ಸೆಕೆಂಡು ಆಗುತ್ತದೆ. ಶತ್ರುವಿನ ಒಂದೇ ಒಂದು ಅಂಕಿ ಬದಲಿಸದೆ ಕಷ್ಟ ಏರಿತು. ಆಟಗಾರನಿಗೂ ಪ್ರತಿ ಬೆಳಕಿನಲ್ಲಿ ನಿಂತು ಯೋಚಿಸಲು ಅವಕಾಶ ಸಿಕ್ಕಿತು. ಮುಂದಿನ ಬೆಳಕು ಎಷ್ಟು ಚಿಕ್ಕದಾಗಿ ಕಾಣುತ್ತದೆಯೋ ಅಷ್ಟು ದೂರ, ಅಷ್ಟು ಅಪಾಯ.

ಎಚ್ಚರಿಕೆಯ ಗುರುತು: ಆಡುವವರು ಓಡುವುದನ್ನೇ ಬಿಟ್ಟು, ಸತ್ತು ಮತ್ತೆ ಲೋಡ್ ಮಾಡುವುದೇ ಬೇಗ ಅಂತ ನಿಂತುಬಿಟ್ಟರೆ, ಓಡುವ ದಾರಿ ಕೆಲಸ ಮಾಡುತ್ತಿಲ್ಲ.

ಹಂತ 6: ಈಗ ಶತ್ರುಗಳ ಅಂಕಿ

ಲೆವೆಲ್ 1, ಲೆವೆಲ್ 20 ಅಂತ ಶುರು ಮಾಡಬೇಡಿ. ಏಟುಗಳಲ್ಲಿ ಎಣಿಸಿ. ಶತ್ರು ಎಷ್ಟು ಏಟಿಗೆ ಬೀಳುತ್ತಾನೆ, ನಾನು ಎಷ್ಟು ಏಟಿಗೆ ಬೀಳುತ್ತೇನೆ. ಆಟಗಾರನಿಗೆ ತಿಳಿಯುವುದು ಇವೆರಡೇ.

ಶುರುವಿನಲ್ಲಿ ಆಟಗಾರನ ಹೆಲ್ತ್ (ಎಷ್ಟು ಏಟು ತಾಳಬಲ್ಲ ಎಂಬ ಅಂಕಿ) 100, ಏಟಿನ ಬಲ 10 ಇರಲಿ.

- ಹಸಿರು: ಶತ್ರುವಿನ ಹೆಲ್ತ್ 30, ಏಟು 13. ಅವನು 3 ಏಟಿಗೆ, ನೀವು 8 ಏಟಿಗೆ.
- ಹಳದಿ: ಹೆಲ್ತ್ 50, ಏಟು 18. ಅವನು 5ಕ್ಕೆ, ನೀವು 6ಕ್ಕೆ.
- ಕಿತ್ತಳೆ: ಹೆಲ್ತ್ 90, ಏಟು 34. ಅವನು 9ಕ್ಕೆ, ನೀವು 3ಕ್ಕೆ.
- ಕೆಂಪು: ಹೆಲ್ತ್ 150, ಏಟು 50. ಅವನು 15ಕ್ಕೆ, ನೀವು 2ಕ್ಕೆ.

ಈಗ ಆಟಗಾರನಿಗೆ ಒಳ್ಳೆಯ ವಸ್ತು ಸಿಕ್ಕಿ ಬಲ 18, ಹೆಲ್ತ್ 140 ಆಯಿತು ಅಂದುಕೊಳ್ಳಿ. ಹಳದಿಯ ಶತ್ರು 3 ಏಟಿಗೆ ಬೀಳುತ್ತಾನೆ, ಆಟಗಾರ 8 ಏಟಿಗೆ. ಅಂದರೆ ಹಳದಿ ಈಗ ಹಸಿರಾಯಿತು. ಕೆಂಪಿನವನು 9ಕ್ಕೆ, ಆಟಗಾರ 3ಕ್ಕೆ. ಕೆಂಪು ಕಿತ್ತಳೆಯಾಯಿತು. ಕಿತ್ತಳೆ ಹೆಚ್ಚುಕಡಿಮೆ ಹಳದಿಗೆ ಇಳಿಯಿತು. ಒಂದು ಬೆಳವಣಿಗೆ ಎಂದರೆ ನಕ್ಷೆಯ ಬಣ್ಣ ಒಂದು ಪಟ್ಟಿ ಜಾರಬೇಕು. ಅದಕ್ಕಿಂತ ಕಡಿಮೆ ಆದರೆ ಆಟಗಾರನಿಗೆ ಬೆಳೆದೆ ಅಂತ ಗೊತ್ತಾಗುವುದಿಲ್ಲ. ನೂರಕ್ಕೆ ಎರಡರಷ್ಟು ಬಲ ಕೊಡುವ ಉಂಗುರಗಳಿಂದ ಏನೂ ಆಗದು, ತೆಗೆದು ಹಾಕಿ.

ಗಮನಿಸಿ, ಕೆಂಪಿನಲ್ಲೂ ಎರಡು ಏಟು ಇಟ್ಟಿದ್ದೇನೆ. ಮೊದಲ ಏಟು ಪಾಠ ಹೇಳುತ್ತದೆ, ಎರಡನೆಯದು ಶಿಕ್ಷೆ. ಒಂದೇ ಏಟಿಗೆ ಸತ್ತರೆ ಪಾಠವೇ ಇಲ್ಲ. ಇನ್ನೊಂದು ತಪ್ಪು, ಕಷ್ಟ ಮಾಡಬೇಕೆಂದು ಶತ್ರುವಿನ ಹೆಲ್ತ್ ಮಾತ್ರ ಏರಿಸುತ್ತಾ ಹೋಗುವುದು. 40 ಏಟು ಬೇಕಾಗುವ ಶತ್ರು ಕಷ್ಟ ಅಲ್ಲ, ಬೇಸರ.

ಹಂತ 7: ಸಿಗುವುದನ್ನು ಜಾಗಕ್ಕೆ ಕಟ್ಟಿ

ಪೆಟ್ಟಿಗೆಗಳಲ್ಲಿ ಲಾಟರಿಯಂತೆ ವಸ್ತು ಬೀಳಿಸಬೇಡಿ. ಹಸಿರು ಜಾಗದ ಪೆಟ್ಟಿಗೆಯಲ್ಲಿ ಒಳ್ಳೆಯ ಕತ್ತಿ ಬಿದ್ದರೆ ಕೋಟೆಗೆ ಹೋಗುವವರು ಯಾರು?

ಬೀದರ್‌ನಲ್ಲಿ ಇದಕ್ಕೆ ಸಿದ್ಧ ಮಾದರಿ ಇದೆ, ಬಿದ್ರಿ ಕೆಲಸ. ಸತು ಮತ್ತು ತಾಮ್ರದ ಮಿಶ್ರ ಲೋಹ ಎರಕ ಹೊಯ್ದು, ಚಿತ್ತಾರ ಕೊರೆದು, ಬೆಳ್ಳಿ ಕೂಡಿಸಿ, ಕೊನೆಗೆ ಹಳೇ ಕೋಟೆಯ ಮಣ್ಣಿನ ದ್ರಾವಣದಲ್ಲಿ ಕಪ್ಪಾಗಿಸುತ್ತಾರೆ. ಬೆಳ್ಳಿ ಮಾತ್ರ ಹೊಳೆಯುತ್ತಾ ಉಳಿಯುತ್ತದೆ. ಇದನ್ನೇ ಬೆಳವಣಿಗೆಯ ಮೆಟ್ಟಿಲಾಗಿ ಇಡಿ. ಲೋಹ ಬರೀದ್ ಶಾಹಿ ಕಡೆಯ ಹಳದಿಯಲ್ಲಿ. ಬೆಳ್ಳಿ ತಂತಿ ಕರೇಜ್‌ನ ಮೂಲ ಬಾವಿಯಲ್ಲಿ. ಮಣ್ಣು ಕೋಟೆಯೊಳಗೆ, ಮೂರನೇ ಕಂದಕದ ಆಚೆ. ಮೂರೂ ತಂದವನಿಗೆ ಊರಿನ ಕುಶಲಕರ್ಮಿ ಒಂದು ಕಡಗ ಮಾಡಿಕೊಡುತ್ತಾನೆ, ಆರನೇ ಹಂತದ ಆ ಜಿಗಿತ ಸಿಗುತ್ತದೆ.

ಮಣ್ಣು ತರಲು ಶತ್ರುವನ್ನು ಕೊಲ್ಲಲೇಬೇಕು ಅಂತ ಮಾಡಬೇಡಿ. ನುಸುಳಿ, ಒಂದು ಹಿಡಿ ಮಣ್ಣು ತೆಗೆದು, ಓಡಿ ಬಂದರೂ ಆಗಬೇಕು. ಐದನೇ ಹಂತದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹಂತ 8: ಬಾಯಿ ಮುಚ್ಚಿ ಟೆಸ್ಟ್ ಮಾಡಿ

ಉಳಿಸಿಟ್ಟಿದ್ದ ಆ ಇಬ್ಬರು ಮೂವರನ್ನು ಈಗ ಒಬ್ಬೊಬ್ಬರಾಗಿ ಕೂರಿಸಿ. ಪರದೆ ರೆಕಾರ್ಡ್ ಆಗಲಿ. ನೀವು ಹಿಂದೆ ಕುಳಿತು ಸುಮ್ಮನಿರಿ. "ಅಲ್ಲಿ ಅಲ್ಲ, ಈ ಕಡೆ ಬಾ" ಅಂತ ಒಂದು ಸಲ ಹೇಳಿದರೂ ಆ ಟೆಸ್ಟ್ ಕೆಟ್ಟಿತು.

ಬರೆದುಕೊಳ್ಳಬೇಕಾದ್ದು: ದಾರಿ ಬಿಟ್ಟು ಮೊದಲು ಎಷ್ಟು ಹೊತ್ತಿಗೆ ಇಳಿದರು, ಯಾವ ಗುರುತಿನ ಕಡೆ ತಿರುಗಿದರು, ಎಲ್ಲಿ ಸತ್ತರು, ಸತ್ತ ಮೇಲೆ ಅಲ್ಲಿಗೇ ಹೋದರಾ ಬೇರೆ ಕಡೆ ಹೋದರಾ. ಸಾವುಗಳನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಾಗಿ ಇಡಿ. ಆಟ ಮುಗಿದ ಮೇಲೆ ಎರಡೇ ಪ್ರಶ್ನೆ ಕೇಳಿ. ಚೌಬಾರಾದ ಮೇಲೆ ನಿಂತಾಗ ಎಲ್ಲಿಗೆ ಹೋಗಬೇಕು ಅನ್ನಿಸಿತು? ಸತ್ತಾಗ ಯಾಕೆ ಸತ್ತೆ ಅಂತ ಗೊತ್ತಾಯಿತಾ? ಚೆನ್ನಾಗಿದೆಯಾ ಅಂತ ಕೇಳಬೇಡಿ. ಗೆಳೆಯರು ಹೌದು ಅಂತಲೇ ಹೇಳುತ್ತಾರೆ.

ಸರಿಪಡಿಸುವಾಗಲೂ ಕ್ರಮ ಇದೆ. ಒಂದೇ ಜಾಗದಲ್ಲಿ ಚುಕ್ಕಿಗಳು ಗುಂಪಾಗಿದ್ದರೆ ಮೊದಲು ನಾಲ್ಕನೇ ಹಂತದ ಗುರುತುಗಳನ್ನು ನೋಡಿ. ಗುರುತು ಕಂಡೂ ಒಳಗೆ ಹೋಗಿ ಸತ್ತಿದ್ದರೆ ಐದನೇ ಹಂತದ ಅಂತರ ನೋಡಿ. ಅದೂ ಸರಿ ಇದ್ದರೆ ಮಾತ್ರ ಆರನೇ ಹಂತದ ಅಂಕಿ ಮುಟ್ಟಿ. ಚುಕ್ಕಿಯೇ ಇಲ್ಲದ ಕೆಂಪು ಜಾಗ ಕಂಡರೆ ಯಾರೂ ಅಲ್ಲಿಗೆ ಹೋಗಿಯೇ ಇಲ್ಲ ಎಂದರ್ಥ. ಆಗ ಎರಡನೇ ಹಂತಕ್ಕೆ ವಾಪಸ್ ಹೋಗಿ, ಆ ಗುರುತು ಚೌಬಾರಾದಿಂದ ಕಾಣುತ್ತದೆಯಾ ನೋಡಿ.

ಸುಲಭ ಮೋಡ್ ಬೇಕು ಅಂತ ಯಾರಾದರೂ ಕೇಳಿದರೆ ಖಂಡಿತ ಕೊಡಿ. ಆಟಗಾರನಿಗೆ ಬೀಳುವ ಏಟನ್ನು ಅರ್ಧ ಮಾಡಿದರೆ ಸಾಕು. ಬಣ್ಣದ ಪಟ್ಟಿಗಳನ್ನು, ಗುರುತುಗಳನ್ನು, ಕಂಡಿಗಳ ಅಂತರವನ್ನು ಮುಟ್ಟಬೇಡಿ. ಒಂದು ಬದಲಾವಣೆಗೆ ಒಂದು ಟೆಸ್ಟ್, ಪ್ರತಿ ಟೆಸ್ಟಿಗೂ ಗೇಮ್ ನೋಡದ ಹೊಸ ಆಟಗಾರ. ಹಳೇ ಪ್ರಾಜೆಕ್ಟ್ ಫೋಲ್ಡರನ್ನು ದಿನಾಂಕ ಹಾಕಿ ಪಕ್ಕಕ್ಕೆ ಇಟ್ಟುಕೊಂಡೇ ಮುಂದಿನದಕ್ಕೆ ಕೈ ಹಾಕಿ.